ನುಗ್ಗೇಹಳ್ಳಿಯ ರುಜು, ರೇಡಿಯೋದ ರೂಪಕ

ರಾತ್ರಿ ಊಟ ಮುಗಿದು ಎಲೆಯಡಿಕೆಯ ತಟ್ಟೆ ಪಡಸಾಲೆಗೆ ಬರುವ ಹೊತ್ತು. ರೇಡಿಯೋದ ಗುಂಡಿ ತಿರುಗಿಸುತ್ತೀರಿ. ಮೊದಲು ಸ್ವಲ್ಪ ಕರಕರ ಸದ್ದು. ಆಮೇಲೆ ಸಂತೆಯ ಗದ್ದಲ, ಒಂಟೆಯ ಕೊರಳ ಗಂಟೆ, ಎಂದೂ ಕೇಳದ ಯಾವುದೋ ತಂತಿವಾದ್ಯ. "ಇದು ಕೈರೋ ಪಟ್ಟಣದ ಹಳೆಯ ಪೇಟೆ" ಎಂದು ಒಂದು ದನಿ ಹೇಳುತ್ತದೆ. ಅರ್ಧ ಗಂಟೆಯೊಳಗೆ ನೀವು ನೈಲ್ ನದಿಯನ್ನು ದಾಟಿ, ಪಿರಮಿಡ್ಡಿನ ನೆರಳಿನಲ್ಲಿ ಕುಳಿತು, ಅಲ್ಲಿನ ಜನರ ಹಾಡು ಕೇಳಿ, ಅವರ ರಾಜಕೀಯವನ್ನು ಅಷ್ಟಿಷ್ಟು ತಿಳಿದು, ಹಾಸಿಗೆ ಹಾಸುವ ವೇಳೆಗೆ ಮನೆಗೆ ಹಿಂದಿರುಗಿರುತ್ತೀರಿ. ಪಾಸ್‌ಪೋರ್ಟು ಬೇಡ, ಹಡಗಿನ ತಲೆಸುತ್ತು ಬೇಡ.

ಇಂಥ ಕಾರ್ಯಕ್ರಮವನ್ನು ನಮ್ಮ ಆಕಾಶವಾಣಿಯವರು ರೂಪಕವೆಂದು ಕರೆದರು. ಇಂಗ್ಲಿಷಿನಲ್ಲಿ ಅದಕ್ಕೆ ಫೀಚರ್ ಎಂದೂ ಡಾಕ್ಯುಮೆಂಟರಿ ಎಂದೂ ಹೆಸರು. ಭಾಷಣದಲ್ಲಿ ಮಾತನಾಡುವವರು ಒಬ್ಬರೇ. ನಾಟಕದಲ್ಲಿ ಹಲವರು, ಆದರೆ ಕಥೆ ಕಟ್ಟಿದ್ದು. ರೂಪಕ ಇವೆರಡರ ನಡುವಿನದು. ಅದರ ವಿಷಯ ನಿಜವಾದದ್ದು, ಹೇಳುವ ಕ್ರಮ ಮಾತ್ರ ನಾಟಕದ್ದು. ಲೋಕದ ಚರಿತ್ರೆ, ರಾಜಕಾರಣ, ಸಂಗೀತ, ಜನಜೀವನ ಇವುಗಳನ್ನು ಓದುಬರಹ ಬಾರದ ಮುತ್ತಜ್ಜಿಗೂ ಮುಟ್ಟಿಸಿದ ಕೀರ್ತಿ ಈ ರೂಪಕಕ್ಕೆ ಸಲ್ಲಬೇಕು.

ಆದರೆ ಅದನ್ನು ಕೇಳುವಾಗ ನಿಮಗೆ ಒಂದು ಪ್ರಶ್ನೆ ಎಂದಾದರೂ ಹುಟ್ಟಿದೆಯೇ? ಕೈರೋ ಪೇಟೆಯ ಆ ವ್ಯಾಪಾರಿ ಮಾತನಾಡಿದನಲ್ಲ, ಆ ದನಿ ಯಾರದು? ಅವನದೇ? ಅಥವಾ ಅವನ ಪರವಾಗಿ ಮಾತನಾಡಿದ ನಮ್ಮೂರಿನ ಒಬ್ಬ ಕಲಾವಿದರದೇ? ಇದು ತುಂಟ ಪ್ರಶ್ನೆಯೆಂದು ಕಂಡೀತು. ರೂಪಕದ ಚರಿತ್ರೆಯೆಲ್ಲ ಈ ಪ್ರಶ್ನೆಯ ಸುತ್ತಲೇ ನಡೆದಿದೆಯೆಂದು ತೋರಿಸುವುದು ನನ್ನ ಉದ್ದೇಶ. ಅದಕ್ಕಾಗಿ ನಿಮ್ಮನ್ನು ಕೈರೋ ಪಟ್ಟಣಕ್ಕೆ ಕರೆದೊಯ್ಯುವ ಮೊದಲು ಹಾಸನ ಜಿಲ್ಲೆಯ ಒಂದು ಊರಿಗೆ ಕರೆದೊಯ್ಯುತ್ತೇನೆ.

ಚನ್ನರಾಯಪಟ್ಟಣದಿಂದ ತಿಪಟೂರಿನ ಕಡೆಗೆ ಹೋಗುವ ದಾರಿಯಲ್ಲಿ ನುಗ್ಗೇಹಳ್ಳಿ ಸಿಕ್ಕುತ್ತದೆ. ಸುತ್ತ ತೆಂಗಿನ ತೋಟಗಳ ಸೀಮೆ. ಬೇಲೂರು ಹಳೇಬೀಡುಗಳನ್ನು ನೋಡಬರುವ ಪ್ರವಾಸಿಗಳು ಇತ್ತ ತಿರುಗುವುದು ಕಡಿಮೆ. ಹಿಂದೆ ಈ ಊರಿಗೆ ವಿಜಯಸೋಮನಾಥಪುರವೆಂಬ ಹೆಸರಿತ್ತು. ಹೊಯ್ಸಳ ದೊರೆ ವೀರ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಅವನ ದಂಡನಾಯಕನಾದ ಬೊಮ್ಮಣ್ಣನು ಇಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದನು. ಕೇಶವ, ವೇಣುಗೋಪಾಲ, ಲಕ್ಷ್ಮೀನರಸಿಂಹ ಈ ಮೂವರೂ ನೆಲೆಸಿರುವ ತ್ರಿಕೂಟಾಲಯ ಅದು. ಊರಿನ ಸದಾಶಿವ ದೇವಾಲಯವೂ ಅದೇ ಕಾಲದ್ದೇ.

ಗುಡಿಯ ಹೊರಗೋಡೆಯನ್ನು ಬಲಕ್ಕೆ ಸುತ್ತುತ್ತ ಬನ್ನಿ. ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಅದರ ಮೇಲೆ ಬಳ್ಳಿ. ಬಳ್ಳಿಯ ಮೇಲೆ ಪುರಾಣದ ಕಥೆಗಳು. ಆ ಮೇಲೆ ಮಕರ, ಹಂಸ. ಎಲ್ಲಕ್ಕೂ ಮೇಲೆ ದೊಡ್ಡ ದೇವತಾಮೂರ್ತಿಗಳು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಆದಕಾರಣ ಉಳಿಯ ಸೂಕ್ಷ್ಮ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದು. ಓದಲು ಬಾರದ ಭಕ್ತನೂ ಒಂದು ಸುತ್ತು ಬಂದರೆ ಕಥೆ ಕೇಳಿದಂತೆಯೇ ಆಯಿತು. ಇದೂ ಒಂದು ಬಗೆಯ ರೂಪಕವೇ ಅಲ್ಲವೇ?

ಈಗ ವಿಗ್ರಹಗಳ ಪೀಠದ ಕಡೆಗೆ ಸ್ವಲ್ಪ ಬಗ್ಗಿ ನೋಡಿ. ಅಲ್ಲಲ್ಲಿ ಪುಟ್ಟ ಹಳಗನ್ನಡ ಅಕ್ಷರಗಳಿವೆ. ಅವು ದೇವರ ಹೆಸರಲ್ಲ, ದಾನಿಯ ಹೆಸರೂ ಅಲ್ಲ, ಕಡೆದವರ ಹೆಸರು. ಬೈಚೋಜ ಮತ್ತು ಮಲ್ಲಿತಮ್ಮ ಎಂಬ ಇಬ್ಬರು ಶಿಲ್ಪಿಗಳು ಇಲ್ಲಿ ತಮ್ಮ ಕೆಲಸಕ್ಕೆ ರುಜು ಹಾಕಿದ್ದಾರೆ. ಈ ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ಗುಡಿಯಲ್ಲೂ ಕಾಣುತ್ತದೆ. 1268ರಲ್ಲಿ ನೆಲೆಗೊಂಡ ಸೋಮನಾಥಪುರದ ಕೇಶವ ದೇವಾಲಯದಲ್ಲಿ ನಲವತ್ತಕ್ಕೂ ಹೆಚ್ಚು ಮೂರ್ತಿಗಳ ಕೆಳಗೆ ಇದೆ. ಸೋಮನಾಥಪುರದಲ್ಲಿ ಒಂದೆಡೆ ಪೂರ್ತಿ ಹೆಸರು, ಒಂದೆಡೆ 'ಮಲ್ಲಿ', ಇನ್ನೊಂದೆಡೆ 'ಮ' ಎಂಬ ಒಂದೇ ಅಕ್ಷರ. ಕೈತುಂಬ ಕೆಲಸವಿದ್ದವರ ರುಜು ಹಾಗೆಯೇ ತಾನೇ!

ಕಟ್ಟಿಸಿದ ಅರಸರ ಹೆಸರು ಲೋಕದಲ್ಲೆಲ್ಲ ಉಳಿದಿದೆ. ಕಟ್ಟಿದವರ ಹೆಸರು ಉಳಿದಿರುವುದು ವಿರಳ. ಹೊಯ್ಸಳ ನಾಡಿನಲ್ಲಿ ಕೆಲಸಗಾರನಿಗೆ ತನ್ನ ಹೆಸರು ಹೇಳಿಕೊಳ್ಳುವ ಅವಕಾಶ ಸಿಕ್ಕಿತ್ತು. ಇದನ್ನು ನೆನಪಿನಲ್ಲಿಟ್ಟುಕೊಂಡು ಈಗ ರೇಡಿಯೋದ ಕಡೆಗೆ ಬರೋಣ.

ಕನ್ನಡ ನಾಡಿನಲ್ಲಿ ಬಾನುಲಿ ಶುರುವಾದದ್ದು ಒಬ್ಬ ಮೇಷ್ಟರ ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ನಿವಾಸ ವಿಠಲ ವಿಹಾರದಿಂದ ಪ್ರಸಾರ ಆರಂಭಿಸಿದರು. ಆ ಮೊದಲ ಪ್ರೇಷಕದ ಶಕ್ತಿ ಮನೆಯ ಒಂದು ವಿದ್ಯುದ್ದೀಪಕ್ಕೆ ಬೇಕಾಗುವಷ್ಟು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ, ನಾ. ಕಸ್ತೂರಿಯವರು ಸೂಚಿಸಿದ ಹೆಸರೆಂದು ಹೇಳುವುದುಂಟು. ಹಲವು ವರ್ಷ ಸ್ವಂತ ಜವಾಬ್ದಾರಿಯಲ್ಲಿ ನಡೆಸಿದ ಮೇಲೆ, 1942ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. 1950ರ ಏಪ್ರಿಲ್ 1ರಂದು ಅದು ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡ ಕೇಂದ್ರವೂ 1955ರ ನವೆಂಬರ್‌ನಲ್ಲಿ ಬೆಂಗಳೂರು ಕೇಂದ್ರವೂ ಬಂದವು. ಮೈಸೂರಿನ ಮೇಷ್ಟರ ಮನೆಯಲ್ಲಿ ಬಳಕೆಗೆ ಬಂದ ಹೆಸರು ಮುಂದೆ ಇಡೀ ದೇಶದ ರೇಡಿಯೋಗೆ ಸಂದಿತು. 2023ರಲ್ಲಂತೂ ಇಂಗ್ಲಿಷ್ ಹೆಸರನ್ನು ಬಿಟ್ಟು ಆಕಾಶವಾಣಿ ಎಂಬುದನ್ನೇ ಬಳಸಬೇಕೆಂದು ತೀರ್ಮಾನವಾಯಿತು.

ಆ ಕಾಲದ ರೂಪಕವನ್ನು ತಯಾರಿಸುತ್ತಿದ್ದ ಬಗೆ ಕೇಳಲು ಸ್ವಾರಸ್ಯವಾಗಿದೆ. ಸ್ಟುಡಿಯೋದಲ್ಲಿ ಎಲ್ಲರೂ ಕಾಗದ ಹಿಡಿದು ಮೈಕಿನ ಸುತ್ತ ನಿಲ್ಲುವರು. ಕುದುರೆ ಓಡಬೇಕಾದರೆ ತೆಂಗಿನ ಕರಟ ಎರಡು ಸಾಕು. ಗುಡುಗಬೇಕಾದರೆ ತಗಡಿನ ಹಾಳೆ. ನಿರೂಪಕರೊಬ್ಬರು, ಪಾತ್ರಗಳಿಗೆ ನಾಲ್ಕಾರು ಕಲಾವಿದರು. ಅರಬ್ಬೀ ವ್ಯಾಪಾರಿ, ಚೀನೀ ರೈತ, ಫ್ರಾನ್ಸಿನ ಕ್ರಾಂತಿಕಾರ, ಎಲ್ಲರೂ ಅಚ್ಚಗನ್ನಡದಲ್ಲಿ ಮಾತನಾಡುವರು. ಇದರಲ್ಲಿ ಮೋಸವೇನೂ ಇಲ್ಲ. ದೂರದ ಊರಿನ ದನಿಯನ್ನು ಸ್ಟುಡಿಯೋಗೆ ತರುವ ಯಂತ್ರ ಕೈಗೆ ಎಟುಕದಿದ್ದಾಗ ಬೇರೆ ದಾರಿ ಇರಲಿಲ್ಲ. ಆದರೆ ವ್ಯಾಪಾರಿ ಏನು ಹೇಳಬೇಕೆಂಬುದನ್ನು ವ್ಯಾಪಾರಿ ನಿರ್ಧರಿಸುತ್ತಿರಲಿಲ್ಲ, ಬರೆದವರು ನಿರ್ಧರಿಸುತ್ತಿದ್ದರು. ಇದರಿಂದ ಆಗಬಹುದಾದ ತೊಡಕು ಮೊದಲು ಕಂಡದ್ದು ರೂಪಕದ ಕಲೆ ಬಹಳ ಬೇಗ ಬೆಳೆದ ಇಂಗ್ಲೆಂಡಿನಲ್ಲಿ.

ಬಿ.ಬಿ.ಸಿ.ಯಲ್ಲಿ ಆರ್ಚೀ ಹಾರ್ಡಿಂಗ್ ಎಂಬ ನಿರ್ಮಾಪಕರಿದ್ದರು. ಸ್ಪೇನಿನ ರಾಜಕೀಯ ಬಿಕ್ಕಟ್ಟನ್ನು ಕುರಿತು 1931ರಲ್ಲೇ ಅವರು ರೂಪಕ ಮಾಡಿದ್ದರು. 1932ರ ಡಿಸೆಂಬರ್ ಕೊನೆಯ ರಾತ್ರಿ, ಯೂರೋಪಿನ ದೇಶಗಳು ಹೊಸವರ್ಷವನ್ನು ಹೇಗೆ ಎದುರುಗೊಳ್ಳುತ್ತಿವೆ ಎಂಬ ಕಾರ್ಯಕ್ರಮವನ್ನು ಪ್ರಸಾರ ಮಾಡಿದರು. ಅದರಲ್ಲಿ ಪೋಲೆಂಡ್ ದೇಶ ತನ್ನ ಹಣದ ಎಷ್ಟೊಂದು ಪಾಲನ್ನು ಆಯುಧಗಳಿಗೆ ಸುರಿಯುತ್ತಿದೆಯೆಂಬ ಮಾತು ಬಂತು. ಪೋಲೆಂಡಿನ ರಾಯಭಾರಿ ದೂರು ಕೊಟ್ಟರು, ಗಲಾಟೆಯಾಯಿತು. ಹಾರ್ಡಿಂಗರನ್ನು ಲಂಡನ್ನಿನಿಂದ ಉತ್ತರದ ಮ್ಯಾಂಚೆಸ್ಟರ್‌ಗೆ ವರ್ಗ ಮಾಡಿದರು. ನೀರಿಲ್ಲದ ಊರಿಗೆ ವರ್ಗ ಮಾಡುವ ಪದ್ಧತಿ ನಮ್ಮಲ್ಲಿ ಮಾತ್ರವೇ ಇಲ್ಲವೆಂದಾಯಿತು.

ಆ ವರ್ಗ ರೂಪಕಕ್ಕೆ ವರವಾಯಿತು. ಮ್ಯಾಂಚೆಸ್ಟರ್ ಗಿರಣಿ ಕೆಲಸಗಾರರ ಊರು. ಹಾರ್ಡಿಂಗರು ಅಲ್ಲಿ ಕೂಡಿಸಿಕೊಂಡ ತಂಡದಲ್ಲಿ ಆಲಿವ್ ಶಾಪ್ಲಿ ಎಂಬ ಯುವತಿಯಿದ್ದರು. ಧ್ವನಿಮುದ್ರಣದ ಯಂತ್ರಗಳನ್ನು ತುಂಬಿದ ಭಾರಿ ವಾಹನವೊಂದನ್ನು ತೆಗೆದುಕೊಂಡು ಅವರು ಬೀದಿಬೀದಿಗೆ ಹೋದರು. ಮನೆಯಿಲ್ಲದ ಬಡವರನ್ನು, ದುಡಿಯುವ ಹೆಂಗಸರನ್ನು ಅವರವರ ಮಾತಿನಲ್ಲೇ ಮಾತನಾಡಿಸಿ, ಆ ಮಾತನ್ನೇ ಪ್ರಸಾರ ಮಾಡಿದರು. ಅಲ್ಲಿಯವರೆಗೆ ಸಾಮಾನ್ಯರ ಮಾತನ್ನು ಬರೆದುಕೊಂಡು, ತಿದ್ದಿ, ಕಾಗದದಿಂದ ಓದಿಸುವುದೇ ರೂಢಿಯಾಗಿತ್ತು.

ಅಷ್ಟರಲ್ಲಿ ಯುದ್ಧ ಬಂತು. ಯುದ್ಧದ ಕಾಲದಲ್ಲಿ ಈ ಪ್ರಶ್ನೆ ಇನ್ನೂ ಹರಿತವಾಯಿತು. ಲಂಡನ್ನಿನಿಂದ ಭಾರತಕ್ಕಾಗಿ ಪ್ರಸಾರವಾಗುತ್ತಿದ್ದ ಭಾಷಣಗಳನ್ನು 1941ರಿಂದ 1943ರವರೆಗೆ ಸಿದ್ಧಪಡಿಸುತ್ತಿದ್ದವರಲ್ಲಿ ಪ್ರಸಿದ್ಧ ಲೇಖಕ ಜಾರ್ಜ್ ಆರ್ವೆಲ್ ಒಬ್ಬರು. 1942ರಿಂದ ಜರ್ಮನಿಯ ಕಡೆಯಿಂದ ಆಜಾದ್ ಹಿಂದ್ ರೇಡಿಯೋ ಕೇಳತೊಡಗಿತು. ಅದೇ ವರ್ಷ ಆಗಸ್ಟ್‌ನಿಂದ ನವೆಂಬರ್‌ವರೆಗೆ ಮುಂಬಯಿಯಲ್ಲಿ ಉಷಾ ಮೆಹತಾ ಮತ್ತು ಸಂಗಡಿಗರು ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರು. ಅದೇ ಲೋಕ, ಅದೇ ಯುದ್ಧ. ಹೇಳುವ ಬಾಯಿಗಳು ಬೇರೆ ಬೇರೆ. 1942ರ ಮಾರ್ಚ್‌ನಲ್ಲಿ ಸುಭಾಷಚಂದ್ರ ಬೋಸರು ವಿಮಾನಾಪಘಾತದಲ್ಲಿ ತೀರಿಕೊಂಡರೆಂಬ ಸುದ್ದಿ ಹರಡಿದಾಗ, ಅದನ್ನು ಅಳಿಸಿದ್ದು ಯಾವ ಪ್ರಕಟಣೆಯೂ ಅಲ್ಲ, ರೇಡಿಯೋದಲ್ಲಿ ಕೇಳಿಬಂದ ಅವರದೇ ದನಿ. ಸ್ವಂತ ದನಿಯ ಬೆಲೆ ಏನೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ಒಂದು ಮಾತನ್ನು ಇಲ್ಲಿ ನ್ಯಾಯವಾಗಿ ಹೇಳಬೇಕು. ಬೇರೆಯವರ ಪರವಾಗಿ ಮಾತನಾಡುವ ದನಿಯೂ ಕೆಲವು ವೇಳೆ ದೊಡ್ಡ ಕೆಲಸ ಮಾಡುತ್ತದೆ. 1948ರ ಜನವರಿ 31ರಂದು ಗಾಂಧೀಜಿಯವರ ಅಂತಿಮ ಯಾತ್ರೆ ದೆಹಲಿಯ ಬೀದಿಗಳಲ್ಲಿ ಸಾಗಿದಾಗ ಮೆಲ್ವಿಲ್ ಡಿ ಮೆಲ್ಲೋ ಅವರು ವಾಹನದಲ್ಲಿ ಕುಳಿತು ಸುಮಾರು ಏಳು ಗಂಟೆಗಳ ಕಾಲ ಕಂಡದ್ದನ್ನು ಕಂಡಂತೆ ಹೇಳಿದರು. ಅಂದು ಅವರು ಇಡೀ ದೇಶಕ್ಕೆ ಕಣ್ಣಾಗಿದ್ದರು. ಆದರೆ ಗಮನಿಸಿ: ತಾವು ಯಾರು, ಎಲ್ಲಿ ಕುಳಿತಿದ್ದೇವೆ, ಏನನ್ನು ನೋಡುತ್ತಿದ್ದೇವೆ ಎಂಬುದನ್ನು ಅಂಥವರು ಮರೆಮಾಡುವುದಿಲ್ಲ. ಅದೂ ರುಜು ಹಾಕಿದ ಕೆಲಸವೇ.

ಯುದ್ಧ ಮುಗಿದ ಮೇಲೆ ಟೇಪ್ ರಿಕಾರ್ಡರ್ ಬಂತು. ವಾಹನದ ತುಂಬ ಇದ್ದ ಯಂತ್ರ ಒಂದು ಪೆಟ್ಟಿಗೆಯ ಗಾತ್ರಕ್ಕೆ ಇಳಿಯಿತು. 1957ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಗೂಡ್ಸ್ ರೈಲೊಂದು ಹತೋಟಿ ತಪ್ಪಿ ಇಳಿಜಾರಿನಲ್ಲಿ ಓಡಿತು. ಚಾಲಕ ಜಾನ್ ಆಕ್ಸನ್ ಹೊರಗೆ ಹಾರಿ ಜೀವ ಉಳಿಸಿಕೊಳ್ಳಬಹುದಿತ್ತು. ಎಂಜಿನ್ನನ್ನು ಬಿಡದೆ ನಿಂತು ಪ್ರಾಣ ಕೊಟ್ಟನು. ಅವನನ್ನು ಕುರಿತು ರೂಪಕ ಮಾಡಲು ಚಾರ್ಲ್ಸ್ ಪಾರ್ಕರ್ ಮತ್ತು ಗಾಯಕ ಯೂವನ್ ಮೆಕಾಲ್ ಅವನ ಹೆಂಡತಿಯನ್ನೂ ಜೊತೆಗಾರರನ್ನೂ ಕಂಡು ಹಲವಾರು ಗಂಟೆಗಳ ಮಾತನ್ನು ಟೇಪಿನಲ್ಲಿ ತುಂಬಿಕೊಂಡು ಬಂದರು. ಅದನ್ನು ಆಧರಿಸಿ ಬರೆದು ನಟರಿಂದ ಆಡಿಸುವುದು ವಾಡಿಕೆ. ಆದರೆ ಆ ಟೇಪನ್ನು ಕೇಳಿದಾಗ, ರೈಲ್ವೆಯವನ ಬಾಯಲ್ಲಿ ಬಂದ ಮಾತಿನ ಕಸುವು ಯಾವ ನಟನಿಗೂ ಬರಲಾರದೆಂದು ಅವರಿಗೆ ಅನ್ನಿಸಿತು. 1958ರ ಜುಲೈ 2ರಂದು ಪ್ರಸಾರವಾದ ಆ ಕಾರ್ಯಕ್ರಮದಲ್ಲಿ ನಟರೇ ಇಲ್ಲ. ಕೆಲಸಗಾರರ ನಿಜವಾದ ದನಿ, ನಡುನಡುವೆ ಹಾಡು. ರೂಪಕದ ಚರಿತ್ರೆಯಲ್ಲಿ ಅದೊಂದು ತಿರುವು.

ಸಂಗೀತದಲ್ಲೂ ಇದೇ ಬದಲಾವಣೆ. ಕಾಶಿಯಲ್ಲಿ ಹುಟ್ಟಿದ ಬಂಗಾಳಿ ದೇವೆನ್ ಭಟ್ಟಾಚಾರ್ಯರು 1949ರಲ್ಲಿ ಇಂಗ್ಲೆಂಡಿಗೆ ಹೋಗಿ, ಬಿ.ಬಿ.ಸಿ.ಗಾಗಿ ಸಂಗೀತದ ಕಾರ್ಯಕ್ರಮಗಳನ್ನು ಮಾಡುತ್ತಿದ್ದವರು. 1955ರಲ್ಲಿ ಅವರು ಹಾಲು ಸಾಗಿಸುತ್ತಿದ್ದ ಹಳೆಯ ವಾಹನವೊಂದನ್ನು ಸಜ್ಜುಮಾಡಿಕೊಂಡು ಯೂರೋಪಿನಿಂದ ಭಾರತಕ್ಕೆ ನೆಲದ ದಾರಿಯಲ್ಲೇ ಬಂದರು. ಸಿರಿಯಾ, ಇರಾಕ್, ಇರಾನ್, ಆಫ್ಘಾನಿಸ್ತಾನಗಳ ಮರುಭೂಮಿಯಲ್ಲಿ ನಿಂತಲ್ಲೆಲ್ಲ ಜನರ ಹಾಡನ್ನು ಟೇಪಿನಲ್ಲಿ ಹಿಡಿದರು. ಆ ಹಾಡುಗಳು ರೇಡಿಯೋದಲ್ಲಿಯೂ ಗ್ರಾಮಫೋನ್ ತಟ್ಟೆಯಲ್ಲಿಯೂ ಕೇಳಿಬಂದವು. ಬಯಲಿನ ಅಲೆಮಾರಿಯ ಹಾಡನ್ನು ಬಯಲಿನ ಅಲೆಮಾರಿಯೇ ಹಾಡಿದನು.

ಇದನ್ನು ನಮ್ಮ ಹಾಸನ ಸೀಮೆಯ ಒಂದು ಸಂಗತಿಯೊಂದಿಗೆ ಹೋಲಿಸಿ ನೋಡಿ. ಹೇಮಾವತಿಯ ದಡದ ಗೊರೂರಿನ ರಾಮಸ್ವಾಮಿ ಅಯ್ಯಂಗಾರರು ತಮ್ಮ ಸುತ್ತಿನ ಹಳ್ಳಿಗರಿಂದ ಕೇಳಿದ ಪದಗಳನ್ನು ಕೂಡಿಸಿ 'ಹಳ್ಳಿಯ ಹಾಡುಗಳು' ಎಂಬ ಪುಸ್ತಕ ಮಾಡಿದರು. ಪಟ್ಟಣದ ಓದುಗರು ಹಳ್ಳಿಯ ಹೆಂಗಸರ ಪದವನ್ನು ಸಾಹಿತ್ಯವೆಂದು ಓದಲು ಕಲಿತದ್ದು ಇಂಥ ಪುಸ್ತಕಗಳಿಂದ. ಆ ಉಪಕಾರ ಸಣ್ಣದಲ್ಲ. ಆದರೆ ಅವರ ಕೈಯಲ್ಲಿದ್ದದ್ದು ಪೆನ್ಸಿಲು. ಮಾತು ಉಳಿಯಿತು, ಬೀಸುವ ಕಲ್ಲಿನ ಸದ್ದಿನ ನಡುವೆ ಹಾಡಿದವಳ ಧಾಟಿ, ಅವಳು ಉಸಿರು ಎಳೆದುಕೊಂಡ ಜಾಗ, ಕಾಗದಕ್ಕೆ ಇಳಿಯಲಿಲ್ಲ. ಕಾಲಾನಂತರ ಅದೇ ಗೊರೂರರು ಅಮೆರಿಕಕ್ಕೆ ಹೋಗಿಬಂದು ಬರೆದ 'ಅಮೇರಿಕಾದಲ್ಲಿ ಗೊರೂರು' ಪುಸ್ತಕಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪುಸ್ತಕದ ಹೆಸರನ್ನೇ ನೋಡಿ: ಅಮೆರಿಕವನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೀರಿ ಎಂಬುದನ್ನು ರಕ್ಷಾಪತ್ರದ ಮೇಲೆಯೇ ಹೇಳಿಬಿಟ್ಟಿದ್ದಾರೆ. ಪರದೇಶದ ರೂಪಕ ಬರೆಯುವವರಿಗೆ ಇದು ಒಳ್ಳೆಯ ಪಾಠ.

ಹಾಗಾದರೆ ನುಗ್ಗೇಹಳ್ಳಿಯನ್ನು ಕುರಿತೇ ಒಂದು ರೂಪಕ ಮಾಡುವುದಾದರೆ? ಸುಲಭದ ದಾರಿಯೊಂದಿದೆ. ವೀಣೆಯ ನಾದ, ಗಂಭೀರ ದನಿಯ ನಿರೂಪಕ, "ಹೊಯ್ಸಳರ ಕೀರ್ತಿಪತಾಕೆ" ಎಂಬಂಥ ಮಾತು, ಕೊನೆಗೆ ಮಂಗಳ. ಹಾಸನದಲ್ಲಿ ಕುಳಿತವರೂ ಮಾಡಬಹುದು, ಹಾರ್ಲೆಮ್ಮಿನಲ್ಲಿ ಕುಳಿತವರೂ ಮಾಡಬಹುದು. ಕಷ್ಟದ ದಾರಿ ಬೇರೆ. ಮುಂಜಾನೆ ಗುಡಿಯ ಬಾಗಿಲು ತೆರೆಯುವ ಸದ್ದು. ಒಳಗೂ ಹೊರಗೂ ಅರ್ಚಕರ ಮಂತ್ರ ಬೇರೆ ಬೇರೆಯಾಗಿ ಕೇಳುವ ಬಗೆ. ಊರ ಮಧ್ಯದ ಈ ಗುಡಿಯ ಪಕ್ಕದಲ್ಲೇ ಆಡಿ ಬೆಳೆದ ಒಬ್ಬ ಮುದುಕಿಯ ನೆನಪು. ಇಂದೂ ಕಲ್ಲು ಕಡೆಯುವ ಒಬ್ಬ ಆಚಾರಿಯನ್ನು ಕರೆತಂದು ಮಲ್ಲಿತಮ್ಮನ ಮೂರ್ತಿಯ ಮುಂದೆ ನಿಲ್ಲಿಸಿ, "ನೋಡಿ ಆಚಾರ್ರೇ, ಇದನ್ನು ಹೇಗೆ ಮಾಡಿರಬೇಕು?" ಎಂದು ಕೇಳಿ, ಅವರು ಉತ್ತರ ಹೇಳುವವರೆಗೂ ಕಾಯುವುದು. ಅವರು ಒಂದು ನಿಮಿಷ ಸುಮ್ಮನಿದ್ದರೆ ಆ ಮೌನವನ್ನೂ ಕತ್ತರಿಸದಿರುವುದು. ಕೇಳುಗರಾದ ನಿಮಗೆ ಮೂರ್ತಿ ಕಾಣುವುದಿಲ್ಲ, ನಿಜ. ಆದರೆ ಅದನ್ನು ನೋಡಬಲ್ಲ ಕಣ್ಣೊಂದರ ಬೆರಗು ಕಿವಿಗೆ ಮುಟ್ಟುತ್ತದೆ.

ಇನ್ನೊಂದು ಸಂಗತಿ ಹೇಳಲೇಬೇಕು. ಅದು ಅಷ್ಟು ಸಂತೋಷದ್ದಲ್ಲ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಲೋಕದ ಅನೇಕ ರೇಡಿಯೋ ಕೇಂದ್ರಗಳು ಒಂದು ಕಾರ್ಯಕ್ರಮ ಮುಗಿದ ಮೇಲೆ ಅದೇ ಟೇಪಿನ ಮೇಲೆ ಇನ್ನೊಂದನ್ನು ತುಂಬುತ್ತಿದ್ದವು. ಹಾಗೆ ಅಳಿಸಿಹೋದ ದನಿಗಳಿಗೆ ಲೆಕ್ಕವಿಲ್ಲ. ಉಳಿದವುಗಳಲ್ಲೂ ಎಷ್ಟೋ ವೇಳೆ ಬರೆದವರ ಹೆಸರಿದೆ, ನಿರ್ಮಾಪಕರ ಹೆಸರಿದೆ. ಮಾತನಾಡಿದವರು 'ಒಬ್ಬ ರೈತ', 'ಹಾಡಿದವರು ಗ್ರಾಮದ ಮಹಿಳೆಯರು'. ಕಲ್ಲಿನ ಮೇಲೆ 780 ವರ್ಷದ ಹಿಂದೆ ಕೂಲಿಯ ಕೆಲಸಗಾರನಿಗೆ ಸಿಕ್ಕ ಮರ್ಯಾದೆ ಇಷ್ಟೆಲ್ಲ ಯಂತ್ರಗಳಿರುವ ಕಾಲದಲ್ಲಿ ಆ ಹಾಡುಗಾರ್ತಿಗೆ ಸಿಗಲಿಲ್ಲವೆಂದರೆ ಅದು ಯಂತ್ರದ ತಪ್ಪಲ್ಲ.

ಇದಕ್ಕೆ ಕೇಳುಗರು ಮಾಡುವುದೇನು ಎಂದು ನೀವು ಕೇಳಬಹುದು. ಮಾಡುವುದಿದೆ. ಮುಂದಿನ ಸಲ ಈಜಿಪ್ಟಿನದೋ ಜಪಾನಿನದೋ ರೂಪಕ ಬಂದಾಗ ಕಥೆಯೊಂದಿಗೆ ದನಿಯನ್ನೂ ಕೇಳಿ. ಆ ದೇಶದವರೇ ಮಾತನಾಡಿದರೇ, ಅವರ ಪರವಾಗಿ ಬೇರೆಯವರೇ? ಅವರ ಮೂಲ ಮಾತನ್ನು ಎರಡು ವಾಕ್ಯವಾದರೂ ಕೇಳಿಸಿ ಆಮೇಲೆ ಕನ್ನಡಕ್ಕೆ ತಂದರೇ? ಕೊನೆಯಲ್ಲಿ ಹೆಸರುಗಳನ್ನು ಓದುವಾಗ ಗುಂಡಿ ತಿರುಗಿಸಿಬಿಡಬೇಡಿ. ಅರ್ಧ ನಿಮಿಷ ಕಾಯಿರಿ. ಹೆಸರು ಹೇಳದಿದ್ದರೆ ಕೇಂದ್ರಕ್ಕೆ ಒಂದು ಕಾಗದ ಬರೆಯಿರಿ. ಕೇಳುಗರ ಕಾಗದಕ್ಕೆ ರೇಡಿಯೋದವರು ಕೊಡುವಷ್ಟು ಬೆಲೆಯನ್ನು ಬೇರೆ ಯಾರೂ ಕೊಡುವುದಿಲ್ಲ.

ಇನ್ನೊಂದು ಕೆಲಸ ಮನೆಯಲ್ಲೇ ಇದೆ. ಶಾಪ್ಲಿಯವರು ಭಾರಿ ವಾಹನದಲ್ಲಿ ಹೊತ್ತು ತಿರುಗಿದ ಯಂತ್ರದ ಕೆಲಸವನ್ನು ನಿಮ್ಮ ಜೇಬಿನ ಮೊಬೈಲು ಈಗ ಮಾಡುತ್ತದೆ. ನಿಮ್ಮ ಅಜ್ಜಿಗೆ ಸೋಬಾನೆ ಪದ ಬರುವುದಾದರೆ, ಪಕ್ಕದ ಮನೆಯ ತಾತ ಬರ್ಮಾದ ಯುದ್ಧದ ಕಥೆಯನ್ನು ತಮ್ಮ ತಂದೆಯಿಂದ ಕೇಳಿದ್ದರೆ, ಒಂದು ಭಾನುವಾರ ಕುಳ್ಳಿರಿಸಿಕೊಂಡು ಮಾತನಾಡಿಸಿ. ನಡುವೆ ಬಾಯಿ ಹಾಕಬೇಡಿ. ಮೊದಲಿಗೆ ಅವರ ಬಾಯಲ್ಲೇ ಅವರ ಹೆಸರು, ಊರು, ತಾರೀಖು ಹೇಳಿಸಿ. ಅಷ್ಟು ಮಾಡಿದರೆ ಮುಂದೆ ಎಂದಾದರೂ ನಿಮ್ಮ ಊರಿನ ರೂಪಕ ಮಾಡಬಂದವರಿಗೆ ನಟರನ್ನು ಹುಡುಕುವ ಕೆಲಸ ತಪ್ಪುತ್ತದೆ.

ಪುರುಸೊತ್ತಾದಾಗ ನುಗ್ಗೇಹಳ್ಳಿಗೆ ಹೋಗಿಬನ್ನಿ. ಮೂರ್ತಿಗಳನ್ನು ನೋಡಿ ಕೈಮುಗಿದ ಮೇಲೆ, ಮಕ್ಕಳನ್ನು ಕರೆದು ಪೀಠದ ಮೇಲಿನ ಅಕ್ಷರಗಳನ್ನು ತೋರಿಸಿ. ಅದನ್ನು ಕೊರೆದವನು ಇದ್ದದ್ದು ವೀರ ಸೋಮೇಶ್ವರನ ಕಾಲದಲ್ಲಿ. ಅವನ ಹೆಸರನ್ನು ಇಂದಿಗೂ ಗಟ್ಟಿಯಾಗಿ ಓದಬಹುದು.